ಹೀರೋಸ್ 3 ಮತ್ತು ಮೊದಲ ವಾರದ ಲೆಕ್ಕ

ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ ಎಂಬ ಕಂಪ್ಯೂಟರ್ ಆಟಗಳ ಸರಣಿಯ ಮೂರನೆಯ ಆಟದ ಮಾತು ಬಂದಾಗ ಅದನ್ನು ಆಡಿದವರು ಅದರ ಡ್ರ್ಯಾಗನ್‌ಗಳನ್ನು, ಕೋಟೆಗಳ ಚಿತ್ರಗಳನ್ನು, ಹಿನ್ನೆಲೆಯ ಸಂಗೀತವನ್ನು ನೆನೆಯುತ್ತಾರೆ. ಅವೆಲ್ಲ ನನಗೂ ಪ್ರಿಯವೇ. ಆದರೆ ನನಗೆ ಮೊದಲು ನೆನಪಾಗುವುದು ಉದ್ದನೆಯ ಒಂದು ಲೆಕ್ಕದ ಪುಸ್ತಕ. ಅದರ ಎಡಪುಟದಲ್ಲಿ ಆಯಾ ದಿನ ಕೈಗೆ ಬಂದ ಚಿನ್ನ, ಬಲಪುಟದಲ್ಲಿ ಆ ದಿನ ಕಟ್ಟಿಸಿದ ಕಟ್ಟಡ. ಈ ಆಟದ ಗೆಲುವು ಸೋಲುಗಳು ದೊಡ್ಡ ಯುದ್ಧಗಳಲ್ಲಿ ನಿರ್ಧಾರವಾಗುವುದಿಲ್ಲ, ಮೊದಲ ಏಳು ದಿನಗಳ ಖರ್ಚುವೆಚ್ಚದಲ್ಲಿ ನಿರ್ಧಾರವಾಗುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಅದನ್ನು ಹೇಗೆ ಕಲಿತೆ, ಇಂದಿಗೂ ಹೇಗೆ ಆಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಮ್ಮ ಊರಿಗೆ ಗುಲಬರ್ಗಾ ಎಂದೇ ಹೆಸರಿತ್ತು. ನಾನು ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೆ. ದೊಡ್ಡಪ್ಪನ ಮಗ ಹೈದರಾಬಾದಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ರಜೆಗೆ ಬಂದಾಗ ಅವನು ತಂದ ಸಿ.ಡಿ.ಯಿಂದ ನಮ್ಮ ಮನೆಗೆ ಈ ಆಟ ಬಂತು. ಪೆಂಟಿಯಂ 133 ಪ್ರೊಸೆಸರ್, 32 ಎಂಬಿ ರ‍್ಯಾಮ್ ಇದ್ದರೂ ನಡೆಯುವ ಆಟವಾದ್ದರಿಂದ ನಮ್ಮ ಹಳೆಯ ಕಂಪ್ಯೂಟರಿಗೆ ಅದು ಭಾರವಾಗಲಿಲ್ಲ. ಭಾರವಾಗಿದ್ದದ್ದು ಲೋಡ್ ಶೆಡ್ಡಿಂಗ್. ಬೇಸಿಗೆಯಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟ್ ಹೋಗುತ್ತಿತ್ತು. ಓಡುತ್ತ ಗುಂಡು ಹಾರಿಸುವ ಆಟಗಳಾಗಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಇದು ಪಾಳಿಯ ಪ್ರಕಾರ ನಡೆಯುವ ಆಟ. ಪ್ರತಿ ಪಾಳಿಗೂ ಆಟ ತಾನಾಗಿಯೇ ಉಳಿದುಕೊಳ್ಳುತ್ತಿತ್ತು, ಹೆಚ್ಚೆಂದರೆ ಒಂದು ದಿನದ ನಡೆಗಳು ಹೋಗುತ್ತಿದ್ದವು. ಕರೆಂಟ್ ಬರುವವರೆಗೆ ನಾನೂ ಅಣ್ಣನೂ ಕಟ್ಟೆಯ ಮೇಲೆ ಕುಳಿತು ಮುಂದಿನ ಮೂರು ದಿನಗಳಲ್ಲಿ ಏನು ಕಟ್ಟಬೇಕು, ಯಾವ ಗಣಿಗೆ ಯಾರನ್ನು ಕಳಿಸಬೇಕು ಎಂದು ಪೆನ್ಸಿಲಿನಲ್ಲಿ ಬರೆದು ಅಳಿಸುತ್ತಿದ್ದೆವು. ಪರದೆ ಕಪ್ಪಾಗಿದ್ದಾಗಲೂ ಆಡಲು ಬರುವ ಆಟ ಇದೆಂಬುದು ನಮಗೆ ಗೊತ್ತಾದದ್ದು ಹಾಗೆ.

ಆಟವನ್ನು ಅರಿಯದವರಿಗಾಗಿ ಸ್ವಲ್ಪ ವಿವರಣೆ ಬೇಕು. ಎರಾಥಿಯಾ ಎಂಬ ಕಲ್ಪಿತ ನಾಡು. ರಾಜ ಗ್ರಿಫನ್‌ಹಾರ್ಟ್ ತೀರಿಕೊಂಡಿದ್ದಾನೆ, ಮಗಳು ಕ್ಯಾಥರೀನ್ ತವರಿಗೆ ಮರಳುತ್ತಿದ್ದಾಳೆ, ನಾಡು ಶತ್ರುಗಳ ಕೈಯಲ್ಲಿದೆ. ನಾವು ಒಂದು ಪಟ್ಟಣ, ಒಬ್ಬ ನಾಯಕನೊಂದಿಗೆ ಶುರುಮಾಡುತ್ತೇವೆ. ಮೂಲ ಆಟದಲ್ಲಿ ಎಂಟು ಬಗೆಯ ಪಟ್ಟಣಗಳಿವೆ, ಪ್ರತಿಯೊಂದರಲ್ಲೂ ಏಳು ದರ್ಜೆಯ ಸೈನಿಕರು ಅಥವಾ ಪ್ರಾಣಿಗಳು, ಪ್ರತಿ ದರ್ಜೆಗೂ ಒಂದು ಸುಧಾರಿತ ರೂಪ. ಕಟ್ಟಿಗೆ, ಅದಿರು, ಪಾದರಸ, ಗಂಧಕ, ಸ್ಫಟಿಕ, ರತ್ನ, ಚಿನ್ನ ಎಂಬ ಏಳು ಸಂಪನ್ಮೂಲಗಳಿಂದ ಎಲ್ಲವೂ ನಡೆಯಬೇಕು. ಒಂದು ಪಟ್ಟಣದಲ್ಲಿ ದಿನಕ್ಕೆ ಒಂದೇ ಕಟ್ಟಡ ಕಟ್ಟಬಹುದು. ಏಳು ದಿನಗಳಿಗೊಂದು ವಾರ, ನಾಲ್ಕು ವಾರಗಳಿಗೊಂದು ತಿಂಗಳು. ಹೊಸ ಸೈನಿಕರು ಸಿಗುವುದು ವಾರದ ಮೊದಲ ದಿನ ಮಾತ್ರ. ಆಟದ ಮುಖ್ಯ ವಿನ್ಯಾಸಕ ಗ್ರೆಗ್ ಫುಲ್ಟನ್. ತಯಾರಿಸಿದ್ದು ಜಾನ್ ವ್ಯಾನ್ ಕ್ಯಾನೆಘೆಮ್ ಕಟ್ಟಿದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಸಂಸ್ಥೆ.

ದಿನಕ್ಕೆ ಒಂದೇ ಕಟ್ಟಡ ಎಂಬ ಈ ನಿಯಮದಲ್ಲಿಯೇ ಆಟದ ಜೀವವಿದೆ. ಕೈಯಲ್ಲಿ ಹಣವಿದ್ದರೂ ದಿನಗಳು ಸಾಲುವುದಿಲ್ಲ, ದಿನಗಳಿದ್ದರೆ ಹಣ ಸಾಲುವುದಿಲ್ಲ. ಪಟ್ಟಣದ ಮೊದಲ ಸಭಾಭವನದಿಂದ ದಿನಕ್ಕೆ 500 ಚಿನ್ನ ಬರುತ್ತದೆ. 2,500 ಕೊಟ್ಟು ಟೌನ್ ಹಾಲ್ ಕಟ್ಟಿದರೆ ಅದು 1,000 ಆಗುತ್ತದೆ. 5,000 ಕೊಟ್ಟು ಸಿಟಿ ಹಾಲ್ ಕಟ್ಟಿದರೆ 2,000. 10,000 ಕೊಟ್ಟು ಕ್ಯಾಪಿಟಲ್ ಕಟ್ಟಿದರೆ 4,000. ಈ ಅಂಕಿಗಳನ್ನು ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದ ಸಂಜೆ ನನಗೆ ಒಂದು ಸಂಗತಿ ಹೊಳೆಯಿತು: ಮೂರು ಕಟ್ಟಡಗಳೂ ಹಾಕಿದ ಚಿನ್ನವನ್ನು ಸರಿಯಾಗಿ ಐದು ದಿನಗಳಲ್ಲಿ ಮರಳಿಸುತ್ತವೆ. ಹೆಚ್ಚುವರಿ 500ಕ್ಕೆ 2,500, ಹೆಚ್ಚುವರಿ 1,000ಕ್ಕೆ 5,000, ಹೆಚ್ಚುವರಿ 2,000ಕ್ಕೆ 10,000. ಸಿಟಿ ಹಾಲ್ ಕಟ್ಟುವ ಮೊದಲು ಮಾರುಕಟ್ಟೆ, ಕಮ್ಮಾರಸಾಲೆ, ಮಾಂತ್ರಿಕರ ಗಿಲ್ಡ್ ಇರಬೇಕು. ಕ್ಯಾಪಿಟಲ್ ಕಟ್ಟುವ ಮೊದಲು ಕೋಟೆ ಪೂರ್ತಿ ಬೆಳೆದಿರಬೇಕು. ಆ ಖರ್ಚುಗಳನ್ನು ಸೇರಿಸಿದರೆ ಲಾಭದ ದಿನ ಇನ್ನಷ್ಟು ದೂರ ಹೋಗುತ್ತದೆ. ಆದ್ದರಿಂದ ಈ ಸರಣಿಯನ್ನು ಮೊದಲ ದಿನವೇ ಹಿಡಿಯಬೇಕು. ನಮ್ಮಲ್ಲಿ ತೊಗರಿ ಬೆಳೆಯುವ ಮನೆಗಳಲ್ಲಿ ಎಂಥ ಕಷ್ಟ ಬಂದರೂ ಬಿತ್ತನೆಯ ಬೀಜಕ್ಕೆ ಕೈ ಹಾಕುವುದಿಲ್ಲ. ಮೊದಲ ವಾರದ ಚಿನ್ನವನ್ನು ನಾನು ಹಾಗೆಯೇ ಕಾಣುತ್ತೇನೆ.

ಸಾಧಾರಣ ಹಂತದಲ್ಲಿ ಆಟ ನಮ್ಮ ಕೈಗೆ 20,000 ಚಿನ್ನ ಕೊಟ್ಟು ಶುರುವಾಗುತ್ತದೆ. ಅದರಲ್ಲಿ ನಾನು ಮೊದಲು ಮಾಡುವ ಖರ್ಚು 2,500 ಕೊಟ್ಟು ಹೋಟೆಲಿನಿಂದ, ಅಂದರೆ ಟ್ಯಾವರ್ನ್‌ನಿಂದ, ಎರಡನೆಯ ನಾಯಕನನ್ನು ಕರೆತರುವುದು. ಹೊಸ ನಾಯಕ ತನ್ನೊಂದಿಗೆ ಒಂದಿಷ್ಟು ಸೈನಿಕರನ್ನೂ ತರುತ್ತಾನೆ. ಅವರನ್ನೆಲ್ಲ ಮುಖ್ಯ ನಾಯಕನಿಗೆ ಒಪ್ಪಿಸಿ, ಹೊಸಬನನ್ನು ಬರಿಗೈಯಲ್ಲಿ ಕಟ್ಟಿಗೆ ಅದಿರು ಆಯಲು ಕಳಿಸುತ್ತೇನೆ. ಹೋರಾಡುವವನು ಹೋರಾಡುತ್ತಲೇ ಇರಬೇಕು, ಆಯುವವನು ಆಯುತ್ತಲೇ ಇರಬೇಕು. ನೆಲದ ಮೇಲೆ ಬಿದ್ದ ಒಂದು ಹಿಡಿ ಗಂಧಕಕ್ಕಾಗಿ ಮುಖ್ಯ ನಾಯಕ ಅರ್ಧ ದಿನ ಕಳೆದರೆ ಆ ದಿನ ಪೂರ್ತಿ ನಷ್ಟ. ದಾರಿಯಲ್ಲಿ ಸಿಗುವ ಪೆಟ್ಟಿಗೆಗಳು ಇನ್ನೊಂದು ಆಯ್ಕೆಯನ್ನು ಮುಂದಿಡುತ್ತವೆ: ಚಿನ್ನವೋ, ಅನುಭವವೋ. 2,000 ಚಿನ್ನ ಬೇಡವೆಂದರೆ 1,500 ಅನುಭವ. ಮೊದಲ ನಾಲ್ಕೈದು ದಿನ ನಾನು ಕಣ್ಣುಮುಚ್ಚಿ ಚಿನ್ನವನ್ನೇ ತೆಗೆದುಕೊಳ್ಳುತ್ತೇನೆ, ಸಿಟಿ ಹಾಲ್ ಎದ್ದ ಮೇಲೆ ಅನುಭವಕ್ಕೆ ಹೊರಳುತ್ತೇನೆ. ಅಣ್ಣ ಇದನ್ನು ಒಪ್ಪುತ್ತಿರಲಿಲ್ಲ. ನಾಯಕ ಬೇಗ ಬಲಿತರೆ ಚಿನ್ನ ತಾನಾಗಿ ಬರುತ್ತದೆ ಎಂಬುದು ಅವನ ವಾದ. ಸಣ್ಣ ನಕಾಶೆಯಲ್ಲಿ ಅವನ ಮಾತೇ ಸರಿ ಎಂದು ಈಗ ಅನ್ನಿಸುತ್ತದೆ, ಅಲ್ಲಿ ಶತ್ರು ಎರಡನೆಯ ವಾರವೇ ಬಾಗಿಲಿಗೆ ಬರುತ್ತಾನೆ.

ಮೊದಲ ವಾರದ ಕೊನೆಯ ಎರಡು ಮೂರು ದಿನಗಳು ಕೋಟೆಯ ಗೋಡೆಗಳಿಗೆ ಮೀಸಲು. ಸಿಟಾಡೆಲ್ ಎಂಬ ಹಂತ ಮುಗಿದರೆ ವಾರದ ಸೈನಿಕರ ಸಂಖ್ಯೆ ಒಂದೂವರೆಪಟ್ಟು, ಕ್ಯಾಸಲ್ ಎಂಬ ಹಂತ ಮುಗಿದರೆ ಎರಡುಪಟ್ಟು. ಕ್ಯಾಸಲ್ ಎಂಬ ಹೆಸರಿನ ಪಟ್ಟಣವೂ ಇದೆ; ಅದರಲ್ಲಿ ಈಟಿಗಾರರು ವಾರಕ್ಕೆ 14 ಇದ್ದವರು 28 ಆಗುತ್ತಾರೆ, ಬಿಲ್ಲುಗಾರರು 9 ಇದ್ದವರು 18, ಒಬ್ಬನೇ ಇದ್ದ ಏಂಜೆಲ್ ಇಬ್ಬರು. ಈ ಕೆಲಸ ಏಳನೆಯ ದಿನದೊಳಗೆ ಮುಗಿಯಬೇಕು. ಎಂಟನೆಯ ದಿನಕ್ಕೆ ಜಾರಿದರೆ ಆ ವಾರದ ಇಮ್ಮಡಿ ಬೆಳೆ ಕೈತಪ್ಪಿತು, ಮುಂದಿನ ವಾರದವರೆಗೆ ಕಾಯಬೇಕು. ಆಡಿ ಪಳಗಿದ ಯಾರನ್ನಾದರೂ ಕೇಳಿ, ಈ ಏಳನೆಯ ದಿನದ ಹಟ ಅವರಲ್ಲಿ ಇದ್ದೇ ಇರುತ್ತದೆ.

ಇನ್ನು ಕಾಳಗ. ನಕಾಶೆಯಲ್ಲಿ ಪ್ರತಿ ಗಣಿಯ ಮುಂದೆ, ಪ್ರತಿ ಕಣಿವೆಯ ಬಾಯಲ್ಲಿ ಕಾವಲಿನ ದಂಡುಗಳಿರುತ್ತವೆ. ಅವುಗಳ ಸಂಖ್ಯೆಯನ್ನು ಆಟ ಬಿಡಿಸಿ ಹೇಳುವುದಿಲ್ಲ, ಒಂದು ಮಾತಿನಲ್ಲಿ ಸೂಚಿಸುತ್ತದೆ: ಪ್ಯಾಕ್ ಎಂದರೆ 10ರಿಂದ 19, ಲಾಟ್ಸ್ ಎಂದರೆ 20ರಿಂದ 49, ಹೋರ್ಡ್ ಎಂದರೆ 50ರಿಂದ 99, ಥ್ರಾಂಗ್ ಎಂದರೆ 100ರಿಂದ 249. ಈ ಪಟ್ಟಿ ನನಗೆ ಮಗ್ಗಿಯಷ್ಟೇ ಬಾಯಿಪಾಠವಾಗಿತ್ತು. ಚಿನ್ನದ ಗಣಿಯೊಂದು ದಿನಕ್ಕೆ 1,000 ಚಿನ್ನ ಕೊಡುತ್ತದೆ, ಅಂದರೆ ಒಂದು ಟೌನ್ ಹಾಲಿಗೆ ಸಮ. ಹಾಗಾಗಿ ಅದರ ಮುಂದಿನ ಕಾವಲನ್ನು ಕಡಿಮೆ ಸಾವಿನಲ್ಲಿ ಮುರಿಯುವುದೇ ಮೊದಲ ವಾರದ ದೊಡ್ಡ ಪರೀಕ್ಷೆ.

ಒಂದು ಕಾಳಗವನ್ನು ಹತ್ತಿರದಿಂದ ಹೇಳುತ್ತೇನೆ. ಗಣಿಯ ಮುಂದೆ ವಾಕಿಂಗ್ ಡೆಡ್‌ಗಳ ಒಂದು ಹೋರ್ಡ್, ಅಂದರೆ ನಡೆಯುವ ಹೆಣಗಳು. ನನ್ನಲ್ಲಿ ಎರಡು ಡಜನ್‌ನಷ್ಟು ಬಿಲ್ಲುಗಾರರು, ಒಂದಿಷ್ಟು ಈಟಿಗಾರರು, ಹದ್ದಿನ ತಲೆಯ ಹಾರುವ ಸಿಂಹಗಳಾದ ನಾಲ್ಕಾರು ಗ್ರಿಫಿನ್‌ಗಳು. ರಣರಂಗ ಹದಿನೈದು ಆರುಮೂಲೆಯ ಮನೆಗಳಷ್ಟು ಅಗಲ. ಹೆಣಗಳು ಒಂದು ಸುತ್ತಿಗೆ ಮೂರೇ ಮನೆ ನಡೆಯುತ್ತವೆ. ಹತ್ತು ಮನೆಗಳಿಗಿಂತ ದೂರಕ್ಕೆ ಬಿಟ್ಟ ಬಾಣದ ಪೆಟ್ಟು ಅರ್ಧಕ್ಕೆ ಇಳಿಯುತ್ತದೆ, ಆಗ ಮೌಸಿನ ಗುರುತು ಮುರಿದ ಬಾಣವಾಗಿ ಕಾಣಿಸುತ್ತದೆ. ಮುರಿದ ಬಾಣ ಕಂಡರೂ ಮೊದಲ ಸುತ್ತಿನಲ್ಲಿ ಬಾಣ ಬಿಡುವುದು ಸರಿಯೇ, ಬಾಣಗಳು ಸಾಕಷ್ಟಿವೆ. ಎರಡನೆಯ ಸುತ್ತಿನಲ್ಲಿ ಮಾತ್ರ ನಾನು ತಕ್ಷಣ ಬಿಡುವುದಿಲ್ಲ, ಕಾಯುವ ಗುಂಡಿಯನ್ನು ಒತ್ತುತ್ತೇನೆ. ಹೆಣಗಳು ತಮ್ಮ ಮೂರು ಮನೆ ನಡೆದು ಹತ್ತರ ಒಳಗೆ ಬಂದ ಮೇಲೆ ಬಿಲ್ಲುಗಾರರ ಸರದಿ ಮರಳಿ ಬರುತ್ತದೆ, ಮುರಿದ ಬಾಣ ಇಡೀ ಬಾಣವಾಗುತ್ತದೆ, ಪೆಟ್ಟು ಪೂರ್ತಿ ಬೀಳುತ್ತದೆ. ಅಷ್ಟರಲ್ಲಿ ಒಬ್ಬ ಈಟಿಗಾರನನ್ನು ದಂಡಿನಿಂದ ಬೇರ್ಪಡಿಸಿ ಬಲಬದಿಗೆ ನಿಲ್ಲಿಸಿರುತ್ತೇನೆ. ಒಂದು ಗುಂಪು ಅವನ ಕಡೆಗೆ ಹೊರಳುತ್ತದೆ, ಬಿಲ್ಲುಗಾರರಿಗೆ ಇನ್ನೂ ಒಂದು ಸುತ್ತು ಸಿಗುತ್ತದೆ. ಹೊಡೆತ ತಿಂದ ದಂಡು ಒಂದು ಸುತ್ತಿಗೆ ಒಂದೇ ಸಲ ತಿರುಗಿ ಹೊಡೆಯಬಲ್ಲದು. ಆದ್ದರಿಂದ ಹತ್ತಿರ ಬಂದವುಗಳ ಮೇಲೆ ಮೊದಲು ಇನ್ನೊಬ್ಬ ಒಂಟಿ ಈಟಿಗಾರನನ್ನು ಬಿಟ್ಟು ಆ ಪ್ರತಿದಾಳಿಯನ್ನು ಅವನ ಮೇಲೆ ಕಳೆದು, ನಂತರ ಗ್ರಿಫಿನ್‌ಗಳನ್ನು ಇಳಿಸುತ್ತೇನೆ. ಇಬ್ಬರು ಈಟಿಗಾರರು ಹೋದರು, ಗಣಿ ನಮ್ಮದಾಯಿತು. ಇದೇ ಹೋರ್ಡಿನ ಮೇಲೆ ಎಲ್ಲರನ್ನೂ ಒಟ್ಟಿಗೆ ನುಗ್ಗಿಸಿದರೆ ಅರ್ಧ ಸೇನೆ ಉಳಿಯುವುದಿಲ್ಲ.

ಪೆಟ್ಟಿನ ಲೆಕ್ಕವೂ ಅಷ್ಟೇ ಸ್ವಚ್ಛವಾಗಿದೆ. ಹೊಡೆಯುವವನ ದಾಳಿಯ ಅಂಕ ಎದುರಾಳಿಯ ರಕ್ಷಣೆಯ ಅಂಕಕ್ಕಿಂತ ಎಷ್ಟು ಹೆಚ್ಚೋ ಅಷ್ಟು ಅಂಕಕ್ಕೆ ಶೇ. 5ರಂತೆ ಪೆಟ್ಟು ಏರುತ್ತದೆ. ಕಡಿಮೆಯಾದರೆ ಅಂಕಕ್ಕೆ ಶೇ. 2.5ರಂತೆ ಇಳಿಯುತ್ತದೆ. ಹತ್ತು ಅಂಕ ಹೆಚ್ಚಿರುವ ನಾಯಕನ ಸೇನೆ ಒಂದೂವರೆಪಟ್ಟು ಹೊಡೆಯುತ್ತದೆ. ಈ ಸೂತ್ರ ತಿಳಿದ ಮೇಲೆ ನಾನು ಸೈನ್ಯವನ್ನು ಹಲವು ನಾಯಕರಿಗೆ ಹಂಚುವುದನ್ನು ಬಿಟ್ಟು ಒಬ್ಬನ ಹಿಂದೆಯೇ ಎಲ್ಲ ಬಲವನ್ನೂ ಇಟ್ಟೆ. ಉಳಿದವರು ಅವನಿಗೆ ಸೈನಿಕರನ್ನು ಕೈಯಿಂದ ಕೈಗೆ ದಾಟಿಸುವ ಸರಪಳಿ. ಪಟ್ಟಣದ ಬಾಗಿಲಲ್ಲಿ ಒಬ್ಬ, ಒಂದು ದಿನದ ನಡಿಗೆಯ ದೂರದಲ್ಲಿ ಇನ್ನೊಬ್ಬ, ಅವನಾಚೆ ಮುಖ್ಯ ನಾಯಕ. ಪಟ್ಟಣದಲ್ಲಿ ಕೊಂಡ ಸೈನಿಕರು ಅದೇ ದಿನ ಎರಡು ದಿನದ ದಾರಿ ದಾಟಿ ಅವನನ್ನು ಸೇರುತ್ತಾರೆ, ಏಕೆಂದರೆ ದಣಿಯುವುದು ನಾಯಕ, ಸೈನಿಕರಲ್ಲ. ಇದರ ಜೊತೆಗೆ ಇನ್ನೊಂದು ಉಪಾಯವಿದೆ. ನಾಯಕ ಒಂದು ದಿನದಲ್ಲಿ ನಡೆಯುವ ದೂರವನ್ನು ಆ ದಿನದ ಆರಂಭದಲ್ಲಿ ಅವನ ದಂಡಿನಲ್ಲಿರುವ ಅತಿ ನಿಧಾನದ ಸೈನಿಕ ನಿರ್ಧರಿಸುತ್ತಾನೆ. ದಿನ ಮುಗಿಸುವ ಮೊದಲು ನಿಧಾನದವರನ್ನು ಪಕ್ಕದ ನಾಯಕನಿಗೆ ಕೊಟ್ಟು, ಮರುದಿನ ಬೆಳಗ್ಗೆ ಮರಳಿ ಪಡೆದರೆ ಮುಖ್ಯ ನಾಯಕ ಹೆಚ್ಚು ದೂರ ಸಾಗುತ್ತಾನೆ.

ಮಾಂತ್ರಿಕ ವಿದ್ಯೆಗಳಲ್ಲಿ ನನ್ನ ಆಯ್ಕೆ ಎಂದಿಗೂ ಭೂಮಿಯ ವಿದ್ಯೆಯೇ. ಅದರಲ್ಲಿ ನಿಪುಣನಾದ ನಾಯಕನ ಸ್ಲೋ ಮಂತ್ರ ಎದುರಾಳಿಯ ಇಡೀ ಸೇನೆಯ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ಮೊದಲ ದರ್ಜೆಯ ಅಗ್ಗದ ಮಂತ್ರದಿಂದ ಇಷ್ಟು ಫಲ ಬೇರೆಲ್ಲೂ ಇಲ್ಲ. ನಾಲ್ಕನೆಯ ದರ್ಜೆಯ ಟೌನ್ ಪೋರ್ಟಲ್ ನಮ್ಮ ಯಾವ ಪಟ್ಟಣಕ್ಕಾದರೂ ಕ್ಷಣದಲ್ಲಿ ಒಯ್ಯುತ್ತದೆ. ಕಪ್ಪು ಡ್ರ್ಯಾಗನ್‌ಗಳಿಗೆ ಯಾವ ಮಂತ್ರವೂ ತಗುಲುವುದಿಲ್ಲವಾದ್ದರಿಂದ ಅವುಗಳನ್ನು ಮಾತ್ರ ಇಟ್ಟುಕೊಂಡು ರಣರಂಗಕ್ಕೆಲ್ಲ ಬೆಂಕಿ ಸುರಿಸುವ ಆರ್ಮಗೆಡ್ಡನ್ ಮಂತ್ರ ಹಾಕುವುದು ಪ್ರಸಿದ್ಧ ತಂತ್ರ. ನೋಡಲು ಭವ್ಯವಾದರೂ ಅಷ್ಟರ ಹೊತ್ತಿಗೆ ಆಟ ಬಹುತೇಕ ತೀರ್ಮಾನವಾಗಿರುತ್ತದೆ.

ಒಂದೇ ಕಂಪ್ಯೂಟರಿನಲ್ಲಿ ಎಂಟು ಜನರವರೆಗೆ ಸರದಿಯಂತೆ ಆಡುವ ಹಾಟ್ ಸೀಟ್ ವ್ಯವಸ್ಥೆ ಇದರಲ್ಲಿದೆ. ನಾವು ಇಬ್ಬರು. ಅಣ್ಣ ತನ್ನ ಪಾಳಿ ಮುಗಿಸಿ ಎದ್ದು, "ತಂಗಿ, ಈಗ ನಿನ್ನ ಪಾಳಿ ನೋಡವ್ವ, ನಾ ಅಂಗಳದಾಗ ಇರ್ತೀನಿ" ಎನ್ನುತ್ತಿದ್ದ. ನಾನು ಮುಗಿಸಿದ ಮೇಲೆ, "ಅಣ್ಣಾ, ಬಾ. ನಿನ್ನ ಸೀಮಿ ಕಡೆ ಏನೂ ನೋಡಿಲ್ಲ ಮತ್ತ" ಎಂದು ಕೂಗುತ್ತಿದ್ದೆ. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಪರದೆ ನೋಡಬಾರದೆಂಬ ಈ ನಿಯಮವನ್ನು ನಾವು ಒಮ್ಮೆಯೂ ಮುರಿಯಲಿಲ್ಲ. ಹೊರಗೆ ಕುಳಿತವರಿಗೂ ಕೆಲಸವಿತ್ತು. ಎದುರಾಳಿ ಎಷ್ಟು ಹೊತ್ತು ತೆಗೆದುಕೊಂಡನೆಂಬುದರಿಂದಲೇ ಅವನು ಯುದ್ಧ ಮಾಡಿದನೋ, ಬರಿ ಕಟ್ಟಡ ಕಟ್ಟಿ ದಿನ ಮುಗಿಸಿದನೋ ಎಂದು ಊಹಿಸುತ್ತಿದ್ದೆವು.

ಅಣ್ಣ ಯಾವಾಗಲೂ ನೆಕ್ರೋಪೊಲಿಸ್ ಹಿಡಿಯುತ್ತಿದ್ದ. ಆ ಪಟ್ಟಣದ ನಾಯಕರು ಗೆದ್ದ ಪ್ರತಿ ಕಾಳಗದಲ್ಲೂ ಸತ್ತವರಲ್ಲಿ ಒಂದು ಪಾಲನ್ನು ಅಸ್ಥಿಪಂಜರಗಳಾಗಿ ಎಬ್ಬಿಸುತ್ತಾರೆ. ವಿದ್ಯೆ ಪೂರ್ತಿ ಬೆಳೆದಾಗ ಅದು ಶೇ. 30. ಸೋಲಿಸಿದಷ್ಟೂ ಬೆಳೆಯುವ ಸೇನೆ ಅದು. ಅದರ ವಿರುದ್ಧ ಬಯಲಿನಲ್ಲಿ ನಿಲ್ಲುವುದು ಕಷ್ಟವೆಂದು ತಿಳಿದು ನಾನು ಕೋಟೆಯೊಳಗಿಂದ ಹೋರಾಡುವುದನ್ನು ಅಭ್ಯಾಸ ಮಾಡಿಕೊಂಡೆ. ಸಿಟಾಡೆಲ್ ಕಟ್ಟಿದರೆ ಗೋಡೆಯ ಸುತ್ತ ಕಂದಕ ಬರುತ್ತದೆ, ನಡುವೆ ಬುರುಜು ಏಳುತ್ತದೆ; ಕ್ಯಾಸಲ್ ಕಟ್ಟಿದರೆ ಇನ್ನೆರಡು ಬುರುಜುಗಳು. ಕಂದಕಕ್ಕೆ ಇಳಿದ ದಂಡು ಅಲ್ಲಿಯೇ ನಿಂತು ಪೆಟ್ಟು ತಿನ್ನಬೇಕು, ಮುಂದಿನ ಸುತ್ತಿನವರೆಗೆ ಏರುವಂತಿಲ್ಲ. ಬಹಮನಿಗಳ ಕೋಟೆಯ ಕಂದಕದ ಅಂಚಿನಲ್ಲಿ ಓಡಾಡಿ ಬೆಳೆದವರಿಗೆ, ಬೀದರ ಕೋಟೆಯಲ್ಲಿ ಬಂಡೆ ಕೊರೆದು ತೆಗೆದ ಮೂರು ಸುತ್ತಿನ ಕಂದಕವನ್ನು ಶಾಲೆಯ ಪ್ರವಾಸದಲ್ಲಿ ಬಗ್ಗಿ ನೋಡಿದವರಿಗೆ, ಅದರ ಉಪಯೋಗವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಣ್ಣನ ಅಸ್ಥಿಪಂಜರಗಳು ನೂರುಗಟ್ಟಲೆ ಬಂದು ನನ್ನ ಕಂದಕದಲ್ಲಿ ನಿಂತಾಗ ಒಂದು ಸ್ಲೋ ಮಂತ್ರ, ಗೋಡೆಯ ಹಿಂದಿನಿಂದ ಸುತ್ತಿಗೆ ಎರಡು ಸಲ ಬಾಣ ಬಿಡುವ ಮಾರ್ಕ್ಸ್‌ಮನ್‌ಗಳು, ಮೂರು ಬುರುಜುಗಳ ಬಾಣಗಳು. ಅವನು ಮುಂದಿನ ಆಟದಿಂದ ವ್ಯಾಂಪೈರ್ ಲಾರ್ಡ್‌ಗಳನ್ನು ಬೆಳೆಸತೊಡಗಿದ. ಅವು ಗೋಡೆಯನ್ನು ಹಾರಿ ಬರುತ್ತವೆ, ಹೊಡೆದರೆ ತಿರುಗಿ ಹೊಡೆಯಲು ಬಿಡುವುದಿಲ್ಲ, ಹೀರಿದ ಜೀವದಿಂದ ತಮ್ಮ ಸತ್ತವರನ್ನು ಎಬ್ಬಿಸಿಕೊಳ್ಳುತ್ತವೆ. ನನ್ನ ಪುಸ್ತಕದಲ್ಲಿ ಅವುಗಳಿಗಾಗಿಯೇ ಪ್ರತ್ಯೇಕ ಪುಟಗಳು ಹುಟ್ಟಿಕೊಂಡವು.

ಈ ಲೆಕ್ಕಗಳ ನಡುವೆಯೂ ಕಣ್ಣು ಕಿವಿಗಳಿಗೆ ಈ ಆಟ ಕೊಟ್ಟದ್ದನ್ನು ಮರೆಯಲಾರೆ. ಪ್ರತಿ ಕಟ್ಟಡ ಕಟ್ಟಿದಾಗಲೂ ಪಟ್ಟಣದ ಚಿತ್ರದಲ್ಲಿ ಅದು ಮೂಡುತ್ತದೆ. ಏಂಜೆಲ್‌ಗಳ ಪೋರ್ಟಲ್ ಆಫ್ ಗ್ಲೋರಿಗೆ 20,000 ಚಿನ್ನ ಕೂಡಿಟ್ಟು, ನಾಲ್ಕು ಅಪರೂಪದ ಸಂಪನ್ಮೂಲಗಳನ್ನು ಹತ್ತು ಹತ್ತರಂತೆ ಹೊಂದಿಸಿ ಕಟ್ಟಿಸಿದ ದಿನ ನಾನು ಪಟ್ಟಣದ ಚಿತ್ರವನ್ನು ಮುಚ್ಚದೆ ಬಹಳ ಹೊತ್ತು ನೋಡುತ್ತಿದ್ದೆ. ಪಾಲ್ ರೊಮೆರೊ ಮತ್ತು ಜೊತೆಗಾರರ ಸಂಗೀತದಲ್ಲಿ ಪ್ರತಿ ಪಟ್ಟಣಕ್ಕೂ, ಪ್ರತಿ ಬಗೆಯ ನೆಲಕ್ಕೂ ಬೇರೆ ಬೇರೆ ರಾಗವಿದೆ. ರ‍್ಯಾಂಪಾರ್ಟ್ ಪಟ್ಟಣದ ಸಂಗೀತವನ್ನು ಇಂದಿಗೂ ಕೆಲಸ ಮಾಡುವಾಗ ಹಾಕಿಕೊಳ್ಳುತ್ತೇನೆ.

ಮುಂದೆ ಆರ್ಮಗೆಡ್ಡನ್ಸ್ ಬ್ಲೇಡ್, ಶ್ಯಾಡೋ ಆಫ್ ಡೆತ್ ಎಂಬ ಎರಡು ವಿಸ್ತರಣೆಗಳು ಬಂದವು. ಮೊದಲನೆಯದು ತಂದ ಕಾನ್‌ಫ್ಲಕ್ಸ್ ಎಂಬ ಒಂಬತ್ತನೆಯ ಪಟ್ಟಣ ಅತಿ ಬಲಶಾಲಿ. ಅದನ್ನು ನಾವು ಪರಸ್ಪರ ಆಡುವಾಗ ಬಳಸುವುದಿಲ್ಲ. 2002ರಲ್ಲಿ ಬಂದ ನಾಲ್ಕನೆಯ ಆಟದಲ್ಲಿ ನಾಯಕರೇ ರಣರಂಗಕ್ಕಿಳಿದರು, ನನಗೆ ಅದು ಹಿಡಿಸಲಿಲ್ಲ. 2003ರಲ್ಲಿ ಪ್ರಕಾಶಕ ಸಂಸ್ಥೆ ತ್ರೀಡಿಓ ದಿವಾಳಿಯಾಗಿ ಸರಣಿಯ ಹಕ್ಕುಗಳು ಯೂಬಿಸಾಫ್ಟ್‌ಗೆ ಹೋದವು. 2015ರಲ್ಲಿ ಆ ಸಂಸ್ಥೆ ಹೊರತಂದ ಎಚ್‌ಡಿ ಆವೃತ್ತಿಯಲ್ಲಿ ವಿಸ್ತರಣೆಗಳು ಇರಲಿಲ್ಲವಾದ್ದರಿಂದ ನಾನು ಹಳೆಯ ಕಂಪ್ಲೀಟ್ ಆವೃತ್ತಿಯನ್ನೇ ಉಳಿಸಿಕೊಂಡೆ. ಅದರ ಮೇಲೆ ಅಭಿಮಾನಿಗಳು ಕಟ್ಟಿದ ಹಾರ್ನ್ ಆಫ್ ದಿ ಅಬಿಸ್ ಎಂಬ ಉಚಿತ ವಿಸ್ತರಣೆಯನ್ನು ಹಾಕಿಕೊಂಡರೆ ಕೋವ್, ಫ್ಯಾಕ್ಟರಿ ಎಂಬ ಹೊಸ ಪಟ್ಟಣಗಳೂ ಸಿಗುತ್ತವೆ. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಇದನ್ನೇ. ಮಧ್ಯಮ ಗಾತ್ರದ, ಅಂದರೆ 72ಕ್ಕೆ 72 ಚೌಕಗಳ, ನೆಲದಡಿಯಿಲ್ಲದ ನಕಾಶೆ ತೆಗೆದುಕೊಳ್ಳಿ; ಕ್ಯಾಸಲ್ ಅಥವಾ ರ‍್ಯಾಂಪಾರ್ಟ್ ಪಟ್ಟಣ ಆರಿಸಿ, ಎರಡರಲ್ಲೂ ಒಳ್ಳೆಯ ಬಿಲ್ಲುಗಾರರಿದ್ದಾರೆ. ಬರಿಗೈಯಲ್ಲಿ ಶುರುವಾಗುವ ಇಂಪಾಸಿಬಲ್ ಹಂತಕ್ಕೆ ಅವಸರ ಬೇಡ.

ಅಣ್ಣನ ಮಗಳು ಈಗ ದೀಪಾವಳಿಯ ರಜೆಗೆ ಕಲಬುರಗಿಗೆ ಬಂದಾಗ ನನ್ನೊಡನೆ ಆಡುತ್ತಾಳೆ. ಅವಳು ಅಪ್ಪನ ನೆಕ್ರೋಪೊಲಿಸ್ ಬಿಟ್ಟು ಜೌಗು ನೆಲದ ಫೋರ್ಟ್ರೆಸ್ ಹಿಡಿದಿದ್ದಾಳೆ. ಬಹಳ ಜನ ದುರ್ಬಲವೆಂದು ದೂರವಿಡುವ ಪಟ್ಟಣ ಅದು. ಆದರೆ ಅದರ ಮೈಟಿ ಗಾರ್ಗನ್‌ಗಳಿಗೆ ದೃಷ್ಟಿಯಿಂದಲೇ ಕೊಲ್ಲುವ ಶಕ್ತಿಯಿದೆ. ಹತ್ತು ಗಾರ್ಗನ್‌ಗಳ ಗುಂಪು ಒಂದು ಹೊಡೆತಕ್ಕೆ, ಎದುರಾಳಿಯ ಪ್ರಾಣಬಲ ಎಷ್ಟೇ ಇರಲಿ, ಒಬ್ಬನನ್ನು ನೇರವಾಗಿ ಬೀಳಿಸಬಲ್ಲದು. ಏಂಜೆಲ್‌ನ ಸುಧಾರಿತ ರೂಪವಾದ, 250 ಪ್ರಾಣಬಲದ ಆರ್ಚ್‌ಏಂಜೆಲ್ ಕೂಡ ಅದಕ್ಕೆ ಹೊರತಲ್ಲ. "ಅತ್ತಿ, ನಿಮ್ಮ ಏಂಜೆಲ್ ಭಾಳ ತುಟ್ಟಿ, ನನ್ನ ಗಾರ್ಗನ್ ಸೋವಿ" ಎಂದು ಅವಳು ಅನ್ನುವುದು ಪೂರ್ತಿ ನಿಜ; ಒಂದು ಆರ್ಚ್‌ಏಂಜೆಲ್‌ಗೆ 5,000 ಚಿನ್ನದ ಜೊತೆಗೆ ಮೂರು ರತ್ನಗಳೂ ಬೇಕು. ಹಾಗಾಗಿ ಅವಳೆದುರು ಆಡುವಾಗ ನಾನು ಮಾರ್ಕ್ಸ್‌ಮನ್‌ಗಳ ಮೊದಲ ಎರಡು ಸುತ್ತಿನ ಬಾಣಗಳನ್ನು ಗಾರ್ಗನ್‌ಗಳಿಗೇ ಮೀಸಲಿಟ್ಟು, ಅವುಗಳ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿಯುವವರೆಗೆ ಆರ್ಚ್‌ಏಂಜೆಲ್‌ಗಳನ್ನು ಹಿಂದಿನ ಸಾಲಿನಲ್ಲಿ ತಡೆದಿಡುತ್ತೇನೆ.